ಹಿತ್ತಲ ದಾರಿಗೆ ಎಲೆಯಚ್ಚಿನ ಮೆಟ್ಟುಗಲ್ಲು: ಮಳೆಗಾಲದಲ್ಲೂ ಜಾರದಂತೆ ಮಾಡುವ ಕ್ರಮ

ಕಾರವಾರದಿಂದ ಭಟ್ಕಳದವರೆಗೆ ವರ್ಷಕ್ಕೆ 3000 ಮಿ.ಮೀ. ದಾಟುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೇ ಸುರಿಯುತ್ತದೆ. ಶಿರಸಿ, ಸಿದ್ದಾಪುರದ ಕಡೆ ಮಳೆ ಬಿಟ್ಟ ಮೇಲೂ ಮರದ ನೆರಳಿನಲ್ಲಿ ನೆಲದ ತೇವ ಆರುವುದು ತಡ. ಇಂಥಲ್ಲಿ ಬಾವಿಕಟ್ಟೆಗೋ ಕೊಟ್ಟಿಗೆಗೋ ಹೋಗುವ ದಾರಿಗೆ ಹಾಸುವ ಕಲ್ಲು ಎಷ್ಟು ಚೆಂದವಿದ್ದರೂ ಕಾಲು ಜಾರಿಸುವಂತಿದ್ದರೆ ಅದು ಅಪಾಯವೇ. ಹಾಗಾಗಿ ಇಲ್ಲಿ ಹೇಳುವ ಪ್ರತಿ ಹಂತದಲ್ಲೂ ಹಿಡಿತ ಮೊದಲು, ಅಲಂಕಾರ ಆಮೇಲೆ.

ಕೆಲಸಕ್ಕೆ ಒಳ್ಳೆಯ ಕಾಲ ದೀಪಾವಳಿಯಿಂದ ಶಿವರಾತ್ರಿವರೆಗೆ. ಮೇ ತಿಂಗಳ ಬಿಸಿಲಿಗೆ ಕಾಂಕ್ರೀಟ್ ಬೇಗ ಒಣಗಿ ಬಿರುಕು ಬಿಡುತ್ತದೆ.

ಸಾಮಾನು, ಅಳತೆ

ತಳ ಚಪ್ಪಟೆಯಾಗಿ, 16 ಇಂಚು ಅಗಲ ಇರುವ ಪ್ಲಾಸ್ಟಿಕ್ ಬೇಸಿನ್ ಅಚ್ಚಿಗೆ ಸಾಕು. ಬೋರಲು ಹಾಕಿ ತೆಗೆದಾಗ ಬೇಸಿನ್ನಿನ ತಳವೇ ಕಲ್ಲಿನ ಮೇಲ್ಮೈ ಆಗುತ್ತದೆ. ಬೇಸಿನ್ ಬಾಯಿ ಅಗಲವಾಗಿರುವುದರಿಂದ ಕಲ್ಲಿನ ಬುಡವೂ ಅಗಲವಾಗಿ, ಅದು ಅಲ್ಲಾಡದೆ ಕೂರುತ್ತದೆ. ದಪ್ಪ 2 ಇಂಚಿಗಿಂತ ಕಡಿಮೆ ಬೇಡ.

ಆರು ಕಲ್ಲಿಗೆ ಬೇಕಾದದ್ದು: ಸಿಮೆಂಟ್ 12 ಲೀಟರ್ (ಸುಮಾರು 17 ಕೆ.ಜಿ.), ಮರಳು 24 ಲೀಟರ್, 12 ಮಿ.ಮೀ. ಒಳಗಿನ ಬೇಬಿ ಜಲ್ಲಿ 24 ಲೀಟರ್, ನೀರು ಹೆಚ್ಚೆಂದರೆ 8 ಲೀಟರ್. ಎರಡೇ ಬೇಸಿನ್ ಇದ್ದರೆ ಇದರ ಮೂರನೇ ಒಂದು ಪಾಲು ಕಲಸಿ. 50 ಕೆ.ಜಿ. ಚೀಲ ಒಂದರಲ್ಲಿ ಹದಿನೇಳು ಕಲ್ಲು ಬರುತ್ತವೆ, ಒಂದೊಂದೂ 15 ಕೆ.ಜಿ. ತೂಗುತ್ತದೆ.

ಮರಳಿನ ವಿಷಯದಲ್ಲಿ ರಾಜಿ ಬೇಡ. ಕಡಲ ಮರಳು ಮನೆ ಪಕ್ಕದಲ್ಲೇ ಇದ್ದರೂ ಮುಟ್ಟಬೇಡಿ. ಅದನ್ನು ತೆಗೆಯಲು ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮದ ನಿರ್ಬಂಧ ಇದೆ, ಮೇಲಾಗಿ ಅದರ ಉಪ್ಪು ಕಲ್ಲಿನ ಮೇಲೆ ಬಿಳಿಯಾಗಿ ಉಕ್ಕುತ್ತದೆ, ಒಳಗೆ ತಂತಿ ಇದ್ದರೆ ತುಕ್ಕು ಹಿಡಿಸುತ್ತದೆ. ಹೊಳೆ ಮರಳು ಅಥವಾ ಎಂ-ಸ್ಯಾಂಡ್ ಬಳಸಿ. ಹೊಳೆ ಮರಳಿನಲ್ಲಿ ಮಣ್ಣು ಎಷ್ಟಿದೆ ಎಂದು ನೋಡಲು ಗಾಜಿನ ಬಾಟಲಿಗೆ ಅರ್ಧದಷ್ಟು ಮರಳು, ಮೇಲೆ ನೀರು, ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಮೂರು ಗಂಟೆ ಬಿಡಿ. ಮೇಲೆ ನಿಂತ ಕೆಸರಿನ ಪದರ ಮರಳಿನ ಎತ್ತರದ ನೂರಕ್ಕೆ ಎಂಟು ಪಾಲು ಮೀರಿದರೆ ಮರಳನ್ನು ತೊಳೆದೇ ಬಳಸಬೇಕು.

ಕೋಳಿ ಬಲೆಯ ತಂತಿ ಹಾಕುವುದು ರೂಢಿ. ಅದು ಬಿರುಕನ್ನು ತಡೆಯುವುದಿಲ್ಲ, ಬಿರುಕು ಬಿಟ್ಟ ಮೇಲೆ ತುಂಡುಗಳನ್ನು ಹಿಡಿದಿಡುತ್ತದೆ ಅಷ್ಟೆ. ಕಡಲ ಗಾಳಿ ಬೀಸುವ ಕಡೆ ತಂತಿ ಬಿಟ್ಟು ದಪ್ಪವನ್ನು ಎರಡೂವರೆ ಇಂಚು ಮಾಡುವುದೇ ಲೇಸು. ಆಗ ಸಾಮಾನು ಎಲ್ಲವೂ ಕಾಲು ಭಾಗ ಹೆಚ್ಚು ಬೇಕು.

ಎಲೆ

ಹಿಂಬದಿಯಲ್ಲಿ ನರ ಉಬ್ಬಿರುವ ಎಲೆ ಬೇಕು. ಕೆಸುವಿನ ಎಲೆ ಮತ್ತು ಬಲಿತ ತೇಗದ ಎಲೆ ಎರಡೂ ಚೆನ್ನಾಗಿ ಅಚ್ಚು ಕೊಡುತ್ತವೆ. ಕೆಸು ತುರಿಸುತ್ತದೆ, ಕೈಗವಸು ಇರಲಿ. ಎಳೆ ತೇಗದ ಎಲೆ ಕೆಂಪು ಬಣ್ಣ ಬಿಡುವುದರಿಂದ ಕಲೆ ಉಳಿಯಬಹುದು. ಹಲಸು, ಮಾವಿನ ಎಲೆಗಳ ನರ ಅಷ್ಟು ಮೂಡುವುದಿಲ್ಲ. ಎಲೆ ಬೆಳಿಗ್ಗೆ ಕೊಯ್ದದ್ದಾಗಿರಲಿ, ಬಾಡಿದ್ದು ಮಡಿಚಿಕೊಳ್ಳುತ್ತದೆ. ಒಂದು ಕಲ್ಲಿನ ಅರ್ಧಕ್ಕಿಂತ ಹೆಚ್ಚು ಜಾಗವನ್ನು ಎಲೆ ಆವರಿಸಬಾರದು.

ಎರಕ

ಬೇಸಿನ್ನಿಗೆ ತೆಂಗಿನೆಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಸವರಿ. ಗಾಡಿಯ ಹಳೆ ಆಯಿಲ್ ಕಪ್ಪು ಕಲೆ ಬಿಡುತ್ತದೆ, ಬೇಡ. ಎಲೆಯ ನರ ಇರುವ ಬದಿ ಮೇಲೆ ಬರುವಂತೆ ತಳದಲ್ಲಿ ಹಾಸಿ, ಅಂಚಿಗೆ ಮೈದಾ ಗಂಜಿ ಹಚ್ಚಿ ಅಂಟಿಸಿ. ಅಂಚು ಎದ್ದಿದ್ದರೆ ಸಿಮೆಂಟ್ ಹಾಲು ಅಡಿಗೆ ನುಗ್ಗಿ ಅಚ್ಚು ಮುಚ್ಚಿಹೋಗುತ್ತದೆ.

ಸಿಮೆಂಟ್, ಮರಳು, ಜಲ್ಲಿಯನ್ನು ಒಣಗಿದ್ದಾಗಲೇ ಒಂದೇ ಬಣ್ಣ ಬರುವವರೆಗೆ ಕಲಸಿ, ಆಮೇಲೆ ನೀರು. ಮುಕ್ಕಾಲು ಪಾಲು ನೀರು ಮೊದಲು ಹಾಕಿ, ಉಳಿದದ್ದನ್ನು ಹದ ನೋಡಿಕೊಂಡು ಸ್ವಲ್ಪ ಸ್ವಲ್ಪವೇ ಚಿಮುಕಿಸಿ. ಮರಳು ಹಸಿಯಿದ್ದರೆ 8 ಲೀಟರ್ ಬೇಕಾಗುವುದೇ ಇಲ್ಲ. ಮುಷ್ಟಿಯಲ್ಲಿ ಹಿಸುಕಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ನೀರು ಹೆಚ್ಚಾದ ಕಲ್ಲು ಮೊದಲ ವರ್ಷ ಚೆನ್ನಾಗಿಯೇ ಕಾಣುತ್ತದೆ, ಮರುವರ್ಷ ಮೇಲ್ಮೈ ಪುಡಿಪುಡಿಯಾಗಿ ಏಳುತ್ತದೆ.

ಬಣ್ಣ ಬೇಕಾದರೆ ರೆಡ್ ಆಕ್ಸೈಡ್ ಪುಡಿಯನ್ನು ಸಿಮೆಂಟ್ ತೂಕದ ನೂರಕ್ಕೆ ಐದು ಪಾಲು ಸೇರಿಸಿ, ಜಲ್ಲಿಯಿಲ್ಲದ ಗಾರೆಯಾಗಿ ಅರ್ಧ ಇಂಚು ಮೊದಲು ತುಂಬಿ. ಅದು ಗಟ್ಟಿಯಾಗುವ ಮೊದಲೇ, ಅರ್ಧ ಗಂಟೆಯೊಳಗೆ ಮೇಲಿನ ಕಾಂಕ್ರೀಟ್ ಬೀಳಬೇಕು. ತಡವಾದರೆ ಎರಡು ಪದರ ಬೆಸೆಯುವುದಿಲ್ಲ. ಅಂಗಳದ ಕೆಮ್ಮಣ್ಣನ್ನೇ ಬಣ್ಣಕ್ಕೆಂದು ಕಲಸಬೇಡಿ, ಜೇಡಿ ಸೇರಿದ ಕಾಂಕ್ರೀಟಿಗೆ ಬಲವಿಲ್ಲ.

ತುಂಬಿದ ಮೇಲೆ ಬೇಸಿನ್ನಿನ ಬದಿಗೆ ಮರದ ತುಂಡಿನಿಂದ ಸುತ್ತಲೂ ತಟ್ಟಿ ಗಾಳಿಗುಳ್ಳೆ ಹೊರಡಿಸಿ, ಹಸಿ ಗೋಣಿ ಮುಚ್ಚಿ ನೆರಳಿನಲ್ಲಿಡಿ.

ಅಚ್ಚು ಬಿಡಿಸಿ ಉಜ್ಜುವುದು

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ನುಣುಪಾದ ಪ್ಲಾಸ್ಟಿಕ್ಕಿಗೆ ತಾಗಿ ಗಟ್ಟಿಯಾದ ಕಾಂಕ್ರೀಟ್ ಕನ್ನಡಿಯಂತೆ ಹೊಳೆಯುತ್ತದೆ, ಒದ್ದೆಯಾದಾಗ ಅದರ ಮೇಲೆ ಬರಿಗಾಲು ನಿಲ್ಲುವುದಿಲ್ಲ. ಕರಾವಳಿಯಲ್ಲಿ 24 ಗಂಟೆಗೆ, ಶಿರಸಿಯ ಚಳಿಗಾಲದಲ್ಲಿ ಒಂದೂವರೆ ದಿನಕ್ಕೆ ಅಂಚನ್ನು ಮೊಳೆಯಿಂದ ಗೀರಿ ನೋಡಿ. ಮರಳಿನ ಕಣ ಉದುರದೆ ಬಿಳಿ ಗೆರೆ ಮಾತ್ರ ಬಿದ್ದರೆ ಸಮಯ ಬಂದಿದೆ. ಬೇಸಿನ್ನನ್ನು ಗೋಣಿಚೀಲದ ಮೇಲೆ ಬೋರಲು ಹಾಕಿ, ತಳಕ್ಕೆ ಅಂಗೈಯಿಂದ ತಟ್ಟಿ ಕಲ್ಲು ಇಳಿಸಿಕೊಳ್ಳಿ.

ಎಲೆಯನ್ನು ಆಗಲೇ ಕೀಳಬೇಡಿ. ಅದು ಅಂಟಿಕೊಂಡಿರುವಾಗಲೇ ಸುತ್ತಲಿನ ಜಾಗವನ್ನು ನೀರು ಹಾಕುತ್ತ ತಂತಿ ಬ್ರಷ್ಷಿನಿಂದ ಉಜ್ಜಿ. ಸಿಮೆಂಟಿನ ತೆಳು ಪೊರೆ ಹೋಗಿ ಮರಳಿನ ಕಣ ಬೆರಳಿಗೆ ತಾಗುವವರೆಗೆ ಉಜ್ಜಬೇಕು. ಅಷ್ಟು ಹೊತ್ತೂ ಎಲೆಯೇ ಅಚ್ಚನ್ನು ಕಾಯುತ್ತದೆ. ಆಮೇಲೆ ತೊಟ್ಟಿನ ಕಡೆಯಿಂದ ಎಳೆದರೆ ನರನರವೂ ಮೂಡಿದ ಎಲೆ ಕಾಣುತ್ತದೆ, ಸುತ್ತ ತರಿತರಿ ನೆಲ. ಚೂರು ಉಳಿದಿದ್ದರೆ ಒಣಗಿದ ಮೇಲೆ ನೈಲಾನ್ ಬ್ರಷ್ಷಿಗೆ ಬರುತ್ತದೆ. ಎರಡು ದಿನ ಬಿಟ್ಟು ಉಜ್ಜಲು ಹೋದರೆ ಕಲ್ಲು ಗಟ್ಟಿಯಾಗಿ ಬ್ರಷ್ ಸವೆಯುತ್ತದೆಯೇ ಹೊರತು ಪೊರೆ ಏಳುವುದಿಲ್ಲ.

ಒಂದು ವಾರವಾದರೂ ಗೋಣಿ ಹಸಿಯಾಗಿಡಿ. ಸಿಮೆಂಟ್ ಚೀಲದ ಮೇಲೆ ಪಿಪಿಸಿ (ಹಾರುಬೂದಿ ಬೆರೆತ ಸಿಮೆಂಟ್) ಎಂದಿದ್ದರೆ ಎರಡು ವಾರ ಬೇಕು.

ಬೇರೆ ಅಲಂಕಾರ

ಬೆಳಚಿನ ಚಿಪ್ಪು ಕೂರಿಸುವುದಾದರೆ ಸಿಹಿನೀರಿನಲ್ಲಿ ಎರಡು ದಿನ, ನೀರು ಬದಲಿಸುತ್ತ ನೆನೆಸಿ ಉಪ್ಪು ತೆಗೆಯಿರಿ. ಚಿಪ್ಪಿನ ಮೂರರಲ್ಲಿ ಎರಡು ಪಾಲು ಒಳಗೆ ಹೋಗಿರಬೇಕು, ಚೂಪು ಅಂಚು ಮೇಲೆ ಬರಬಾರದು, ಅಂಗಳದಲ್ಲಿ ಬರಿಗಾಲಿನಲ್ಲಿ ಓಡಾಡುವವರೇ ಹೆಚ್ಚು. ಒಡೆದ ಟೈಲ್ಸ್ ಚೂರು ಅಂಚಿನ ಸುತ್ತಿಗೆ ಮಾತ್ರ ಇರಲಿ, ಪಾದ ಊರುವ ನಡುಭಾಗಕ್ಕೆ ಖಂಡಿತ ಬೇಡ. ಚಿತ್ತಾರದ ಗೆರೆಗಳಿಗೆ ತೆಂಗಿನ ನಾರಿನ ಸಣ್ಣ ಹಗ್ಗವನ್ನು ಎಲೆಯ ಬದಲು ತಳದಲ್ಲಿ ಅಂಟಿಸಿ. ಪ್ರತಿ ಗೆರೆಯ ಒಂದು ತುದಿಯಾದರೂ ಕಲ್ಲಿನ ಅಂಚು ಮುಟ್ಟಿದರೆ ಮಳೆನೀರು ಅದರಲ್ಲೇ ಹರಿದು ಹೋಗುತ್ತದೆ.

ಹಾಸುವುದು

ಮನೆಯವರನ್ನು ಆ ದಾರಿಯಲ್ಲಿ ಸಹಜವಾಗಿ ನಡೆಸಿ ಹೆಜ್ಜೆ ಗುರುತು ಮಾಡಿ. ಕಲ್ಲಿನ ನಡುವಿನಿಂದ ನಡುವಿಗೆ 22 ಇಂಚು ಸಾಮಾನ್ಯ, ಸೀರೆ ಉಟ್ಟು ಕೊಡ ಹೊತ್ತು ನಡೆಯುವವರು, ವಯಸ್ಸಾದವರು ಇದ್ದರೆ 20.

ಆರೂವರೆ ಇಂಚು (ಎರಡೂವರೆ ಇಂಚು ದಪ್ಪದ ಕಲ್ಲಾದರೆ ಏಳು ಇಂಚು) ಅಗೆದು, 4 ಇಂಚು ಚಿರೇಕಲ್ಲಿನ ಚೂರು ಅಥವಾ ದಪ್ಪ ಜಲ್ಲಿ ಹಾಕಿ ದಮ್ಮಸು ಮಾಡಿ, ಮೇಲೆ ಒಂದು ಇಂಚಿನಷ್ಟು ಮರಳು. ಮಾಡಿನ ನೀರು ಬೀಳುವ ಕಡೆ ಮರಳು ಕೊಚ್ಚಿಹೋಗುತ್ತದೆ, ಅಲ್ಲಿ ಜಲ್ಲಿ ಪುಡಿ ಹಾಕಿ. ಕಲ್ಲು ನೆಲಕ್ಕಿಂತ ಅರ್ಧದಿಂದ ಮುಕ್ಕಾಲು ಇಂಚು ಮೇಲಿದ್ದರೆ ಕೆಸರು ಹತ್ತುವುದಿಲ್ಲ, ಅದಕ್ಕೂ ಮೀರಿದರೆ ಎಡವುತ್ತದೆ. ಮಟ್ಟಗೋಲು ಇಟ್ಟು ಒಂದು ಬದಿಗೆ ಅರ್ಧ ಇಂಚಿಗೆ ಸ್ವಲ್ಪ ಕಡಿಮೆ ಇಳಿಜಾರು ಕೊಡಿ. ಅಂಚಿನಲ್ಲಿ ತುಳಿದಾಗ ಡಬ್ ಎಂದು ಸದ್ದು ಬಂದರೆ ಅಡಿ ಟೊಳ್ಳಿದೆ ಎಂದರ್ಥ. ಕಲ್ಲು ನಡುವೆ ಸೀಳುವುದಕ್ಕೆ ಹೆಚ್ಚಿನ ಸಲ ಇದೇ ಕಾರಣ, ಎತ್ತಿ ಮತ್ತೆ ತುಂಬಿಸಿ.

ಹಾವಸೆ ಹಿಡಿದರೆ ಲೀಟರ್ ನೀರಿಗೆ 10 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ ಹಾಕಿ, ಕಾಲು ಗಂಟೆ ಬಿಟ್ಟು ಗಡಸು ಪೊರಕೆಯಿಂದ ತಿಕ್ಕಿ. ಆ ನೀರು ಬಾವಿಗೂ ಗಿಡದ ಬುಡಕ್ಕೂ ಹೋಗದಂತೆ ನೋಡಿಕೊಳ್ಳಿ. ಮೊದಲ ಮಳೆಗಾಲ ಮುಗಿದ ಮೇಲೆ ಒಂದೆರಡು ಕಲ್ಲು ಕುಸಿದಿರುವುದು ಸಹಜ. ಹಾರೆಯಿಂದ ಮೀಟಿ ಎತ್ತಿ, ಅಡಿಗೆ ಜಲ್ಲಿ ಪುಡಿ ಸೇರಿಸಿ, ಮತ್ತೆ ಮಟ್ಟ ನೋಡಿ ಕೂರಿಸಿ.