ಟೆರೇಸ್ ಮೇಲೆ ಎಡೆಲ್‌ವೈಸ್ ಬೆಳೆಸಿದ ನನ್ನ ಅನುಭವ

ಎಡೆಲ್‌ವೈಸ್ ಬೀಜ ತರಿಸಿದ್ದೇನೆ ಅಂದಾಗ ಎಲ್ಲರೂ ಹೇಳಿದ್ದು ಒಂದೇ ಮಾತು: ಬೆಂಗಳೂರಿನ ಬಿಸಿಲಿಗೆ ಅದು ಬದುಕೋಲ್ಲ. ಅವರ ಮಾತಲ್ಲೂ ಅರ್ಥವಿತ್ತು. ಆಲ್ಪ್ಸ್‌ನಲ್ಲಿ 1,800ರಿಂದ 3,000 ಮೀಟರ್ ಎತ್ತರದಲ್ಲಿ, ಸುಣ್ಣಕಲ್ಲಿನ ಸಂದಿಗಳಲ್ಲಿ ಬೆಳೆಯುವ ಗಿಡ ಅದು. ನಮ್ಮೂರು 900 ಮೀಟರ್ ಚಿಲ್ಲರೆ. ನಂದಿ ಬೆಟ್ಟದ ತುದಿಗೆ ಹೊತ್ತುಕೊಂಡು ಹೋದರೂ 1,478 ಅಷ್ಟೇ. ಆದರೆ ನನ್ನ ಸಸಿಗಳು ಬಿಸಿಲಿಗೆ ಸಾಯಲಿಲ್ಲ.

ಬೀಜ ರಾಗಿಗಿಂತ ಎಷ್ಟೋ ಸಣ್ಣದು, ಉಸಿರು ತಾಗಿದರೆ ಹಾರುತ್ತದೆ. ಚಳಿಗಾಲ ಕಳೆಯಿತು ಅಂತ ಅದಕ್ಕೆ ಅನ್ನಿಸಬೇಕಲ್ಲ, ಒದ್ದೆ ಟಿಶ್ಯೂನಲ್ಲಿ ಸುತ್ತಿ ಡಬ್ಬಿಗೆ ಹಾಕಿ ಮೂರು ವಾರ ಫ್ರಿಜ್‌ನಲ್ಲಿಟ್ಟೆ. ದೋಸೆ ಹಿಟ್ಟು ತೆಗೆಯುವಾಗೆಲ್ಲ ಅಮ್ಮ "ಇದನ್ನ ಯಾವಾಗ ಎತ್ತುತ್ತೀಯೋ?" ಅಂತ ಕೇಳುತ್ತಿದ್ದರು. ಬಿತ್ತಿದ ಮೇಲೆ ಮಣ್ಣು ಮುಚ್ಚಬಾರದು, ಮೊಳೆಯಲು ಬೆಳಕು ಬೇಕು. ಸುಮ್ನೆ ಒತ್ತಿ, ಮೇಲೆ ನೀರು ಸ್ಪ್ರೇ ಮಾಡಿದರೆ ಸಾಕು.

ಮೊದಲ ಸಲ ಜೂನ್‌ನಲ್ಲಿ ಬಿತ್ತಿದೆ. ಶುದ್ಧ ಪೆದ್ದತನ. ಕೆಂಪು ಮಣ್ಣು, ಕೋಕೋಪೀಟ್, ಎರೆಗೊಬ್ಬರ, ಅಂದರೆ ಟೊಮೆಟೊಗೆ ಹಾಕುವ ಅದೇ ಮಿಕ್ಸ್. ಇಪ್ಪತ್ತಾರು ಸಸಿ ಬಂದವು, ನಾನು ಫೋಟೊ ತೆಗೆದು ಊರಿಗೆಲ್ಲ ಕಳಿಸಿದೆ. ಜುಲೈನಲ್ಲಿ ಒಂದು ವಾರ ಬಿಡದೆ ಜಿಟಿಜಿಟಿ ಮಳೆ. ಈ ಗಿಡದ ಎಲೆಯ ಮೇಲೆ ಬಿಳಿ ತುಪ್ಪಳ ಇರುತ್ತದೆ, ಭೂತಗನ್ನಡಿ ಹಿಡಿದರೆ ಹತ್ತಿಯ ಎಳೆ ಸಿಕ್ಕುಸಿಕ್ಕಾಗಿ ಹೆಣೆದಂತೆ ಕಾಣುತ್ತದೆ. ಬೆಟ್ಟದ ಒಣಗಾಳಿಗೂ ಸುಡುವ ಬಿಸಿಲಿಗೂ ಅದು ಹೊದಿಕೆ. ನಮ್ಮಲ್ಲಿ ಅದೇ ತುಪ್ಪಳದೊಳಗೆ ಹನಿ ಕೂತು ಸಂಜೆವರೆಗೂ ಆರುತ್ತಿರಲಿಲ್ಲ. ಬುಡ ಕಪ್ಪಾಗಿ ಮೆತ್ತಗಾಯಿತು, ಬೆರಳು ತಾಗಿಸಿದರೆ ಸಸಿ ಹಾಗೇ ಮಲಗುತ್ತಿತ್ತು. ಒಂದೂ ಉಳಿಯಲಿಲ್ಲ.

ಎರಡನೇ ಸಲ ಮಳೆ ಪೂರ್ತಿ ಹೋಗಲಿ ಅಂತ ನವೆಂಬರ್ ಕೊನೆವರೆಗೆ ಕಾದೆ. ಪ್ಲಾಸ್ಟಿಕ್ ಬಿಟ್ಟು ಮಣ್ಣಿನ ಕುಂಡ. ಅರ್ಧಕ್ಕಿಂತ ಜಾಸ್ತಿ ದಪ್ಪ ಮರಳು ಮತ್ತು ಬೇಬಿ ಜಲ್ಲಿ, ಉಳಿದದ್ದು ಕೆಂಪು ಮಣ್ಣು, ಗೊಬ್ಬರ ಒಂದೇ ಹಿಡಿ. ಇನ್ನು ಸುಣ್ಣದ ಕಥೆ. ಸುಣ್ಣಕಲ್ಲಿನ ಸಂದಿಯಲ್ಲಿ ಬೆಳೆಯುವ ಗಿಡ, ಮಣ್ಣಲ್ಲೂ ಸುಣ್ಣ ಇರಲಿ ಅಂದುಕೊಂಡೆ. ಲಾಲ್‌ಬಾಗ್‌ನಲ್ಲಿ 300 ಕೋಟಿ ವರ್ಷದ ಬಂಡೆಯೇನೋ ಇದೆ, ಆದರೆ ಅದು ಸುಣ್ಣಕಲ್ಲಲ್ಲ. ನಮ್ಮ ಬೀದಿಯಲ್ಲಿ ಒಂದು ಹಳೇ ಮನೆ ಕೆಡವುತ್ತಿದ್ದರು, ಅಲ್ಲಿಂದ ಸುಣ್ಣದ ಗಾರೆ ಚೂರು ಒಂದು ಬಕೆಟ್ ತಂದು ಕುಟ್ಟಿ ಬೆರೆಸಿದೆ. ನೀರು ಬೋರ್‌ವೆಲ್‌ದೇ, ಬಕೆಟ್ಟಿಗೆ ಬಿಳಿ ಕಟ್ಟುತ್ತಲ್ಲ, ಅದೇ. ಬೇರೆ ಹೂಗಿಡಗಳು ಮುಖ ಸಿಂಡರಿಸುವ ಆ ನೀರಿಗೆ ಇದು ಏನೂ ತಕರಾರು ಮಾಡಲಿಲ್ಲ! ನೀರು ಮಾತ್ರ ಕುಂಡದ ಅಂಚಿಗೆ, ಎಲೆಗೆ ತಾಗದಂತೆ. ಏಪ್ರಿಲ್‌ನಲ್ಲಿ ಹನ್ನೊಂದು ಗಂಟೆಯ ನಂತರ ನೆರಳು, ಮಳೆಗಾಲವಿಡೀ ಶೀಟಿನ ಕೆಳಗೆ.

ಈ ಸಲ ಬಂದ ಹನ್ನೊಂದು ಸಸಿಗಳಲ್ಲಿ ನಾಲ್ಕು ಉಳಿದವು, ಒಂದು ಮಾತ್ರ ಮರುವರ್ಷ ಏಪ್ರಿಲ್ ಕೊನೆಗೆ ಹೂ ಬಿಟ್ಟಿತು. ಎಸಳು ಅಂತ ಕಾಣುವುದು ಎಸಳಲ್ಲ, ತುಪ್ಪಳದ ಎಲೆಗಳು. ಅಸಲಿ ಹೂಗಳು ನಡುವಿನ ಹಳದಿ ಗುಂಡುಗಳಲ್ಲಿವೆ, ಸೇವಂತಿಗೆ ಕುಟುಂಬದ್ದೇ. ಫೋಟೊದಲ್ಲಿದ್ದ ಬಿಳುಪು ನನ್ನ ಹೂವಿಗೆ ಬರಲಿಲ್ಲ, ಬೂದು ಹಸಿರು. ತಗ್ಗಿನಲ್ಲಿ ಬೆಳೆದರೆ ಹಾಗೇ ಆಗುತ್ತದಂತೆ. ಅಮ್ಮ ಕನ್ನಡಕ ಏರಿಸಿ ನೋಡಿ, "ಹೂಬತ್ತಿ ಬಿಚ್ಚಿಟ್ಟ ಹಾಗಿದೆ ಕಣೋ, ಇದಕ್ಕಾ ಇಷ್ಟು ಒದ್ದಾಡಿದ್ದು?" ಅಂದರು.

ಉಳಿದ ಬೀಜದ ಡಬ್ಬಿ ಮತ್ತೆ ದೋಸೆ ಹಿಟ್ಟಿನ ಪಕ್ಕ ಕೂತಿದೆ.