945 ಅನ್ನು ಬಿಡಿಸಿ ನೋಡುವುದು ಹೇಗೆ

ಯಾವುದೇ ಸಂಖ್ಯೆ ಕೈಗೆ ಸಿಕ್ಕರೂ ಮೊದಲು ಮಾಡಬೇಕಾದ್ದು ಒಂದೇ: ಅವಿಭಾಜ್ಯ ಸಂಖ್ಯೆಗಳಾಗಿ ಒಡೆಯುವುದು. ಅದೊಂದು ಆದರೆ ಮುಂದಿನ ಲೆಕ್ಕ ಅರ್ಧ ಮುಗಿದಂತೆ. 945 ತಗೊಳ್ಳೋಣ, ನನಗೆ ತುಂಬಾ ಇಷ್ಟವಾದ ಸಂಖ್ಯೆ.

ಕೊನೆಯ ಅಂಕಿ 5, ಹಾಗಾಗಿ 5ರಿಂದ ಭಾಗ ಹೋಗುತ್ತದೆ, 189 ಬರುತ್ತದೆ. 1+8+9 ಕೂಡಿದರೆ 18, ಅಂದ್ರೆ 189 ಅನ್ನು 9ರಿಂದಲೂ ಭಾಗಿಸಬಹುದು, 21 ಉಳಿಯುತ್ತದೆ. ಅದು 3×7. ಒಟ್ಟು 945 = 3×3×3×5×7.

ಈಗ ಭಾಜಕಗಳು ಎಷ್ಟು? ಒಂದೊಂದೇ ಹುಡುಕುತ್ತಾ ಕೂರಬೇಡಿ. 3 ಅನ್ನು ಸೊನ್ನೆ, ಒಂದು, ಎರಡು ಅಥವಾ ಮೂರು ಸಲ ತಗೋಬಹುದು, 4 ದಾರಿ. 5 ಬೇಕು ಅಥವಾ ಬೇಡ, 7 ಬೇಕು ಅಥವಾ ಬೇಡ, ಎರಡೆರಡು ದಾರಿ. 4×2×2 = 16.

ಅವುಗಳ ಮೊತ್ತಕ್ಕೂ ಇದೇ ಉಪಾಯ: (1+3+9+27)×(1+5)×(1+7). ಈ ಆವರಣಗಳನ್ನು ಬಿಡಿಸಿ ಗುಣಿಸಿದರೆ ಪ್ರತಿ ಭಾಜಕವೂ ಸರಿಯಾಗಿ ಒಂದೊಂದು ಸಲ ಬರುತ್ತದೆ, ಅದಕ್ಕೇ ಇದು ಕೆಲಸ ಮಾಡುವುದು. 40×6×8 = 1920. ಅದರಿಂದ 945 ಕಳೆದರೆ 975. ಅಂದ್ರೆ ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ 945ಕ್ಕಿಂತ ಜಾಸ್ತಿ! ಸಮ ಸಂಖ್ಯೆಗಳಲ್ಲಿ ಇದೇನೂ ದೊಡ್ಡ ವಿಷಯ ಅಲ್ಲ, 12ಕ್ಕೇ 1+2+3+4+6 = 16 ಆಗುತ್ತದೆ. ಆದರೆ ಬೆಸ ಸಂಖ್ಯೆಗಳಲ್ಲಿ ಹೀಗಾಗುವ ಮೊದಲನೆಯದೇ 945, ಅದಕ್ಕಿಂತ ಕೆಳಗೆ ಒಂದೂ ಇಲ್ಲ.

ಯಾಕೆ ಇಷ್ಟು ತಡ? ಸಮ ಸಂಖ್ಯೆಗೆ ತನ್ನ ಅರ್ಧವೇ ಭಾಜಕವಾಗಿ ಸಿಗುತ್ತದೆ, ಬೆಸ ಸಂಖ್ಯೆಗೆ ಸಿಗುವ ದೊಡ್ಡ ಭಾಜಕ ಹೆಚ್ಚೆಂದರೆ ಮೂರನೇ ಒಂದು ಭಾಗ. ಆ ಕೊರತೆ ತುಂಬಲು 3, 5, 7ರಂಥ ಕನಿಷ್ಠ ಮೂರು ಬೇರೆ ಬೇರೆ ಅವಿಭಾಜ್ಯ ಸಂಖ್ಯೆಗಳು ಸೇರಬೇಕು, ಸೇರಿದರೂ ಸಾಲದು. ಒಂದು 3 ಕಡಿಮೆ ಮಾಡಿ 315 ನೋಡಿ: 13×6×8 = 624, ಅದರಲ್ಲಿ 315 ಕಳೆದರೆ 309. ಬರೀ 6 ಕಡಿಮೆ! ಇನ್ನೊಂದು 3 ಸೇರಿದ ಕೂಡಲೇ ಗಡಿ ದಾಟಿಬಿಡುತ್ತದೆ.

ಸಂಖ್ಯೆ ಒಡೆಯಲು ಇನ್ನೊಂದು ದಾರಿ, ಬೆಸ ಸಂಖ್ಯೆಗಳಿಗೆ ತುಂಬಾ ಉಪಯೋಗ, 17ನೇ ಶತಮಾನದ ಗಣಿತಜ್ಞ ಫರ್ಮಾ ಬಳಸಿದ್ದು. ಸಂಖ್ಯೆಗಿಂತ ಸ್ವಲ್ಪ ದೊಡ್ಡ ವರ್ಗ ತಗೊಂಡು ಕಳೆಯಿರಿ, ಉಳಿದದ್ದೂ ವರ್ಗವಾ ನೋಡಿ. 31ರ ವರ್ಗ 961. 961−945 = 16, ಅದು 4ರ ವರ್ಗ. ಹಾಗಾಗಿ 945 = (31−4)×(31+4) = 27×35. ಮೊದಲ ಪ್ರಯತ್ನದಲ್ಲೇ ಸಿಕ್ಕಿತು, ಎಲ್ಲ ಸಂಖ್ಯೆಗೂ ಹೀಗಾಗಲ್ಲ.

ಕೊನೆಗೆ ಅಪವರ್ತನಗಳನ್ನು ಬೇರೆ ಥರ ಜೋಡಿಸಿ ನೋಡಿ. 1×3×5×7×9 ಮಾಡಿದರೂ 945. 10 ಜನರನ್ನು ಇಬ್ಬಿಬ್ಬರ ಜೋಡಿ ಮಾಡುವ ದಾರಿಗಳೂ ಇಷ್ಟೇ: ಮೊದಲನೆಯವರಿಗೆ 9 ಜನರಲ್ಲಿ ಒಬ್ಬರು, ಉಳಿದ 8 ಜನರಲ್ಲಿ ಮುಂದಿನವರಿಗೆ 7 ಆಯ್ಕೆ, ಆಮೇಲೆ 5, 3, 1. ಗಣಿತಜ್ಞ ಆಯ್ಲರ್ ಲೆಕ್ಕದಲ್ಲೂ ಇದು ಬರುತ್ತದೆ: 1, 2, 3... ಎಲ್ಲ ಸಂಖ್ಯೆಗಳ ಆರನೇ ಘಾತದಿಂದ 1 ಅನ್ನು ಭಾಗಿಸಿ ಕೂಡುತ್ತಾ ಹೋದರೆ, ಆ ಕೊನೆಯಿಲ್ಲದ ಮೊತ್ತ ಪೈನ ಆರನೇ ಘಾತವನ್ನು 945ರಿಂದ ಭಾಗಿಸಿದಷ್ಟು.

ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತದ ಲೆಕ್ಕವನ್ನು ಈಗ ನೀವೇ 1155ಕ್ಕೂ 1575ಕ್ಕೂ ಮಾಡಿ. 1149 ಮತ್ತು 1649 ಬಂದರೆ ಸರಿ.