ಮನೆ ಕಂಪ್ಯೂಟರಿಗೆ ಯಾವ ಆ್ಯಂಟಿವೈರಸ್? ಅಂಗಡಿಗೆ ಹೋಗುವ ಮೊದಲು ಮಾಡಬೇಕಾದ ಕೆಲಸಗಳು

ದಾವಣಗೆರೆಯ ಯಾವುದೇ ಕಂಪ್ಯೂಟರ್ ಅಂಗಡಿಗೆ ಹೋಗಿ ‘ಯಾವ ಆ್ಯಂಟಿವೈರಸ್ ಒಳ್ಳೇದು?’ ಎಂದು ಕೇಳಿ, ತಕ್ಷಣ ಒಂದು ಡಬ್ಬಿ ಕೈಗೆ ಬರುತ್ತದೆ. ಆ ಪ್ರಶ್ನೆಗೂ ಮೊದಲು ನಮಗೆ ನಾವೇ ಕೇಳಿಕೊಳ್ಳಬೇಕಾದವು ಎರಡಿವೆ. ಮನೆಯಲ್ಲಿರುವುದು ಯಾವ ವಿಂಡೋಸ್? ಅದು ಅಸಲಿಯೇ? ಇವಕ್ಕೆ ಉತ್ತರ ಗೊತ್ತಾದರೆ ಎಷ್ಟೋ ಮನೆಗಳಿಗೆ ಡಬ್ಬಿಯ ಖರ್ಚೇ ಬೇಕಾಗುವುದಿಲ್ಲ. ಕೆಲವರಿಗೆ ಬೇಕು, ಯಾರಿಗೆ ಎಂಬುದನ್ನೂ ಮುಂದೆ ಹೇಳುತ್ತೇನೆ.

ಮೊದಲು ವಿಂಡೋಸ್ ನೋಡಿ

ಸೆಟ್ಟಿಂಗ್ಸ್ ತೆರೆದು ‘ಸಿಸ್ಟಮ್’, ಅದರ ಕೊನೆಯಲ್ಲಿ ‘ಅಬೌಟ್’ ಒತ್ತಿ. ವಿಂಡೋಸ್ ಎಷ್ಟನೆಯದು, ಪ್ರೊಸೆಸರ್ ಯಾವುದು, ರ್‍ಯಾಮ್ ಎಷ್ಟು ಎಂಬ ಮೂರೂ ಅಲ್ಲೇ ಇರುತ್ತವೆ. ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಬೆಂಬಲ ನಿಂತರೂ ಕಂಪ್ಯೂಟರ್ ಎಂದಿನಂತೆ ಓಡುತ್ತಲೇ ಇರುತ್ತದೆ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಆಮೇಲೆ ಪತ್ತೆಯಾಗುವ ದೋಷಗಳಿಗೆ ತೇಪೆ, ಅಂದರೆ ದೋಷ ಸರಿಪಡಿಸುವ ಅಪ್‌ಡೇಟ್, ಬರುವುದಿಲ್ಲ. ವಿಂಡೋಸ್ ಜೊತೆಗೇ ಉಚಿತವಾಗಿ ಬರುವ ಆ್ಯಂಟಿವೈರಸ್ ಡಿಫೆಂಡರ್‌ಗೆ ವೈರಸ್ ಪಟ್ಟಿ ಮಾತ್ರ ವಿಂಡೋಸ್ 10ರಲ್ಲೂ 2028ರ ಅಕ್ಟೋಬರ್‌ವರೆಗೆ ಬರುತ್ತದೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ಅಷ್ಟನ್ನೇ ನಂಬಿ ಕೂರುವುದು ಗೋಡೆಗೆ ಕನ್ನ ಬಿದ್ದಿರುವಾಗ ಬಾಗಿಲಿಗೆ ಹೊಸ ಬೀಗ ಹಾಕಿದ ಹಾಗೆ.

ಇದು ಸುಮ್ಮನೆ ಹೆದರಿಸುವ ಮಾತಲ್ಲ. 2017ರ ಮೇ 12ರಂದು ವನ್ನಾಕ್ರೈ ಎಂಬ ದಾಳಿ 150ಕ್ಕೂ ಹೆಚ್ಚು ದೇಶಗಳ ಕಂಪ್ಯೂಟರುಗಳಲ್ಲಿದ್ದ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ನುಗ್ಗಿದ ದೋಷಕ್ಕೆ ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆಯೇ, ಮಾರ್ಚ್‌ನಲ್ಲೇ, ತೇಪೆ ಕೊಟ್ಟಿತ್ತು. ಅಪ್‌ಡೇಟ್ ಹಾಕಿಕೊಂಡವರು ಬಚಾವಾದರು.

ನಿಮ್ಮದು ವಿಂಡೋಸ್ 10 ಆಗಿದ್ದರೆ ಪ್ರೊಸೆಸರ್ ಸಾಲನ್ನು ನೋಡಿ. ಇಂಟೆಲ್ ಆದರೆ 8ನೇ ತಲೆಮಾರು ಅಥವಾ ಅದಕ್ಕೂ ಹೊಸದು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಕನಿಷ್ಠ 4 ಜಿಬಿ ರ್‍ಯಾಮ್ ಇದ್ದರೆ ವಿಂಡೋಸ್ 11ಕ್ಕೆ ಹೋಗಬಹುದು. ಐ3 ಎಂದು ಬರೆದ ಮುಂದೆ 8100, 10100 ಥರದ ಸಂಖ್ಯೆ ಇದ್ದರೆ ಸರಿ. 4130 ಥರದ್ದಿದ್ದರೆ ಆಗುವುದಿಲ್ಲ. ಅಸಲಿ ವಿಂಡೋಸ್ 10ರಿಂದ 11ಕ್ಕೆ ಹೋಗಲು ದುಡ್ಡು ಕೊಡಬೇಕಿಲ್ಲ. ಹೋಗಲಾಗದ ಕಂಪ್ಯೂಟರುಗಳಿಗೆ ‘ಎಕ್ಸ್‌ಟೆಂಡೆಡ್ ಸೆಕ್ಯುರಿಟಿ ಅಪ್‌ಡೇಟ್ಸ್’ ಎಂಬ ಹೆಚ್ಚುವರಿ ಅವಧಿಯನ್ನು ಪ್ರಕಟಿಸಿದ್ದು 2026ರ ಅಕ್ಟೋಬರ್ 13ರವರೆಗೆ. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಅದಕ್ಕೆ ನೋಂದಾಯಿಸಿಕೊಳ್ಳುವ ಕೊಂಡಿ ಇರುತ್ತದೆ. ಬರೀ ಬ್ರೌಸರ್, ಮೇಲ್, ಯೂಟ್ಯೂಬ್‌ಗೆ ಬಳಸುವ ಹಳೆಯ ಯಂತ್ರವಾದರೆ ವಿಂಡೋಸ್ ಬದಲಿಗೆ ಉಚಿತವಾದ ಲಿನಕ್ಸ್ ಮಿಂಟ್ ಹಾಕಿಸುವುದು ಒಳ್ಳೆಯ ದಾರಿ. ಕನ್ನಡದಲ್ಲಿ ಟೈಪ್ ಮಾಡುವುದೂ ಅದರಲ್ಲಿ ಆಗುತ್ತದೆ. ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ಬೇಕೆನ್ನುವವರಿಗೆ ಮಾತ್ರ ಅದು ಹೊಂದುವುದಿಲ್ಲ.

ಹಸಿರು ಟಿಕ್ ಇದ್ದರೆ ಸಾಕೇ?

‘ಹಸಿರು ಟಿಕ್ ಐತಲ್ರೀ, ಇನ್ನೇನು ಬೇಕು?’ ಎಂದು ಪರದೆಯ ಮೂಲೆಯಲ್ಲಿರುವ ಡಿಫೆಂಡರ್ ಗುರುತನ್ನು ತೋರಿಸುವವರು ನಮ್ಮಲ್ಲಿ ಬಹಳ. ಅವರಿಗೆ ನಾನು ತೋರಿಸುವುದು ಎರಡು ಪುಟ.

ಒಂದು, ಸೆಟ್ಟಿಂಗ್ಸ್‌ನಲ್ಲಿರುವ ‘ಆ್ಯಕ್ಟಿವೇಷನ್’. ಮನೆಯ ಕಂಪ್ಯೂಟರಿನಲ್ಲಿ ಅಲ್ಲಿ ‘ಡಿಜಿಟಲ್ ಲೈಸೆನ್ಸ್’ ಎಂಬ ಮಾತಿರಬೇಕು. ‘ನಿಮ್ಮ ಆರ್ಗನೈಸೇಷನ್‌ನ ಆ್ಯಕ್ಟಿವೇಷನ್ ಸರ್ವಿಸ್ ಮೂಲಕ’ ಎಂಬ ಅರ್ಥದ ಸಾಲಿದ್ದರೆ ಅನುಮಾನಪಡಿ. ದೊಡ್ಡ ಕಂಪನಿ, ಕಾಲೇಜುಗಳಿಗೆ ಕೊಡುವ ಆ ವ್ಯವಸ್ಥೆ ಮನೆಯ ಹಾಲಿನಲ್ಲಿರುವ ಕಂಪ್ಯೂಟರಿಗೆ ಬರುವುದು ಹೆಚ್ಚಿನ ಪಾಲು ಕಳ್ಳದಾರಿಯ ‘ಆ್ಯಕ್ಟಿವೇಟರ್’ ಓಡಿಸಿದಾಗ.

ಎರಡನೆಯದು ಇನ್ನೂ ಮುಖ್ಯ. ಸ್ಟಾರ್ಟ್ ಮೆನುವಿನಲ್ಲಿ ‘ವಿಂಡೋಸ್ ಸೆಕ್ಯುರಿಟಿ’ ಹುಡುಕಿ ತೆರೆಯಿರಿ. ‘ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್’ಗೆ ಹೋಗಿ ‘ಮ್ಯಾನೇಜ್ ಸೆಟ್ಟಿಂಗ್ಸ್’ ಒತ್ತಿ, ಕೆಳಗಿನವರೆಗೂ ಇಳಿಯಿರಿ. ‘ಎಕ್ಸ್‌ಕ್ಲೂಷನ್ಸ್’ ಎಂಬ ಪಟ್ಟಿ ಸಿಗುತ್ತದೆ. ಇಲ್ಲಿ ಹೆಸರಿರುವ ಫೋಲ್ಡರುಗಳನ್ನು ಡಿಫೆಂಡರ್ ಪರೀಕ್ಷಿಸುವುದೇ ಇಲ್ಲ. ಆ್ಯಕ್ಟಿವೇಟರ್ ಮತ್ತು ದುಡ್ಡು ಕೊಡದೆ ಸಾಫ್ಟ್‌ವೇರ್ ಬಳಸಲು ಹಾಕುವ ಕ್ರ್ಯಾಕ್‌ಗಳು ತಮ್ಮನ್ನು ಹಿಡಿಯದಿರಲಿ ಎಂದು ಈ ಪಟ್ಟಿಗೆ ತಾವೇ ಹೆಸರು ಸೇರಿಸುವುದುಂಟು. ಇಡೀ ಸಿ ಡ್ರೈವನ್ನೇ ಸೇರಿಸಿಬಿಟ್ಟ ಕಂಪ್ಯೂಟರುಗಳೂ ಇವೆ. ಹೊರಗೆ ಹಸಿರು ಟಿಕ್ ಇರುತ್ತದೆ, ಒಳಗೆ ಯಾವುದೂ ತಪಾಸಣೆಗೆ ಸಿಗುವುದಿಲ್ಲ. ಸಾಮಾನ್ಯ ಮನೆಯಲ್ಲಿ ಈ ಪಟ್ಟಿ ಖಾಲಿ ಇರಬೇಕು. ನೀವು ಸೇರಿಸದ ಹೆಸರು ಕಂಡರೆ ತೆಗೆದುಹಾಕಿ, ನಂತರ ‘ಸ್ಕ್ಯಾನ್ ಆಪ್ಷನ್ಸ್’ನಲ್ಲಿರುವ ‘ಆಫ್‌ಲೈನ್ ಸ್ಕ್ಯಾನ್’ ಓಡಿಸಿ. ಕಂಪ್ಯೂಟರ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ, ಸುಮಾರು ಕಾಲು ಗಂಟೆಯ ಕೆಲಸ.

ನಕಲಿ ವಿಂಡೋಸ್ ಮೇಲೆ ದುಬಾರಿ ಆ್ಯಂಟಿವೈರಸ್ ಹಾಕಿಸುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕಂಪ್ಯೂಟರ್ ಜೋಡಿಸಿಕೊಡುವವರು ‘ಎಲ್ಲಾ ಹಾಕಿ ಕೊಟ್ಟೀನಣ್ಣ’ ಎಂದು ಹೇಳಿ ಕೊಟ್ಟಿದ್ದು ಇದನ್ನೇ ಇರಬಹುದು. ಆ್ಯಂಟಿವೈರಸ್‌ಗೆ ಮೀಸಲಿಟ್ಟ ದುಡ್ಡನ್ನು ಮೊದಲು ಅಸಲಿ ವಿಂಡೋಸ್‌ಗೆ ಹಾಕಿ.

ಹಾಗಾದರೆ ಕೊಳ್ಳಬೇಕಾದವರು ಯಾರು?

ಅಸಲಿ ವಿಂಡೋಸ್ 11, ದಿನವೂ ಇಂಟರ್ನೆಟ್, ಎಚ್ಚರದಿಂದ ಬಳಸುವ ಮಂದಿ: ಇಂಥ ಮನೆಗೆ ಡಿಫೆಂಡರ್ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇದು ಅಂದಾಜಿನ ಮಾತಲ್ಲ. ಜರ್ಮನಿಯ ಎವಿ-ಟೆಸ್ಟ್ ಎಂಬ ಪ್ರಯೋಗಾಲಯ ಆ್ಯಂಟಿವೈರಸ್‌ಗಳಿಗೆ ರಕ್ಷಣೆ, ವೇಗ, ಬಳಕೆ ಎಂಬ ಮೂರು ವಿಷಯಗಳಲ್ಲಿ ತಲಾ 6ರಂತೆ 18 ಅಂಕ ಇಟ್ಟು ಪರೀಕ್ಷೆ ನಡೆಸುತ್ತದೆ. ಡಿಫೆಂಡರ್ ಹಲವು ಸಲ 18ಕ್ಕೆ 18 ಪಡೆದಿದೆ.

ಆದರೆ ಆಸ್ಟ್ರಿಯಾದ ಎವಿ-ಕಂಪ್ಯಾರೇಟಿವ್ಸ್ ಸಂಸ್ಥೆಯ ಪರೀಕ್ಷೆಗಳಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ, ನಮ್ಮ ಕಡೆಯವರು ಗಮನಿಸಬೇಕಾದ್ದು. ಇಂಟರ್ನೆಟ್ ಇಲ್ಲದಾಗ ಡಿಫೆಂಡರ್ ವೈರಸ್ ಪತ್ತೆ ಮಾಡುವ ಪ್ರಮಾಣ ಇಂಟರ್ನೆಟ್ ಇದ್ದಾಗಿನದಕ್ಕಿಂತ ಎದ್ದು ಕಾಣುವಷ್ಟು ಕಡಿಮೆ. ಕಾರಣ, ಅದು ಅನುಮಾನದ ಕಡತದ ಬಗ್ಗೆ ಮೈಕ್ರೋಸಾಫ್ಟ್‌ನ ಸರ್ವರನ್ನು ಕೇಳಿ ತೀರ್ಮಾನಿಸುವುದು ಹೆಚ್ಚು. ವಿದ್ಯಾನಗರದಲ್ಲಿ ಫೈಬರ್ ಲೈನ್ ಇರುವ ಮನೆಗೆ ಇದು ಲೆಕ್ಕಕ್ಕಿಲ್ಲ. ಜಗಳೂರು, ಮೊಳಕಾಲ್ಮೂರು ಕಡೆಯ ಹಳ್ಳಿಯ ಮನೆಯಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಹಾಕಿದಾಗ ಮಾತ್ರ ನೆಟ್, ಉಳಿದದ್ದೆಲ್ಲ ಪೆನ್‌ಡ್ರೈವ್‌ನಲ್ಲಿ ಎನ್ನುವಂತಿದ್ದರೆ ಲೆಕ್ಕಕ್ಕಿದೆ. ಅಂಥವರು ಆ ಸಂಸ್ಥೆಯ ವರದಿಯಲ್ಲಿ ‘ಆಫ್‌ಲೈನ್ ಡಿಟೆಕ್ಷನ್’ ಕಾಲಂ ನೋಡಿ, ಅದರಲ್ಲಿ ಮುಂದಿರುವುದನ್ನು ಕೊಳ್ಳುವುದರಲ್ಲಿ ಅರ್ಥವಿದೆ.

ಕಂಪ್ಯೂಟರ್, ಲ್ಯಾಪ್‌ಟಾಪ್, ಎಲ್ಲರ ಮೊಬೈಲ್ ಸೇರಿಸಿ ಒಂದೇ ಲೈಸೆನ್ಸ್ ಬೇಕೆನ್ನುವವರೂ, ತೊಂದರೆಯಾದರೆ ಫೋನ್ ಮಾಡಿ ಕೇಳಲು ಯಾರಾದರೂ ಇರಲಿ ಎನ್ನುವ ಹಿರಿಯರೂ ಕೊಳ್ಳಬಹುದು. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ಈ ದೇಶದವೇ. ಮಕ್ಕಳ ಬಳಕೆಗೆ ಮಿತಿ ಹಾಕುವುದಷ್ಟೇ ಉದ್ದೇಶವಾದರೆ ಕೊಳ್ಳಬೇಡಿ, ಮೈಕ್ರೋಸಾಫ್ಟ್‌ನ ಫ್ಯಾಮಿಲಿ ಸೇಫ್ಟಿ ಉಚಿತವಾಗಿಯೇ ಇದೆ.

ಉಚಿತ ಆ್ಯಂಟಿವೈರಸ್‌ಗಳ ಬಗ್ಗೆ ಒಂದೇ ಮಾತು: ಕಂಪನಿಗೆ ಆದಾಯ ಎಲ್ಲಿಂದ ಎಂದು ಕೇಳಿಕೊಳ್ಳಿ. ಬಳಕೆದಾರರು ಯಾವ್ಯಾವ ಜಾಲತಾಣ ನೋಡಿದರು ಎಂಬ ಮಾಹಿತಿಯನ್ನು ಮಾರಿದ್ದಕ್ಕಾಗಿ ಅವಾಸ್ಟ್ ಕಂಪನಿ 1.65 ಕೋಟಿ ಡಾಲರ್ ಕಟ್ಟಬೇಕೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಹೇಳಿತು. ಡಿಫೆಂಡರ್ ಇರುವಾಗ ಇನ್ನೊಂದು ಉಚಿತದ್ದು ಬೇಕಿಲ್ಲ.

ಕೊಳ್ಳುವಾಗ, ಹಾಕುವಾಗ

ಡಬ್ಬಿಯ ಮೇಲೆ ಎಷ್ಟು ಸಾಧನ, ಎಷ್ಟು ವರ್ಷ ಎಂದು ನೋಡಿ. ಕೀ, ಅಂದರೆ ಲೈಸೆನ್ಸ್ ಸಂಖ್ಯೆಯನ್ನು ಮುಚ್ಚಿರುವ ಪಟ್ಟಿಯನ್ನು ಯಾರೂ ಕೆರೆದಿರಬಾರದು. ಬಿಲ್ ಬೇಡ ಎಂದರೆ ಸ್ವಲ್ಪ ಕಡಿಮೆ ಮಾಡುತ್ತೇವೆ ಎಂದರೂ ಬಿಲ್ ಬಿಡಬೇಡಿ. ಆನ್‌ಲೈನ್‌ನಲ್ಲಿ ಕೊಂಡರೆ ಮೊದಲ ವರ್ಷದ ಬೆಲೆ ನೋಡಿ ಮರುಳಾಗದೆ ಎರಡನೇ ವರ್ಷದ ನವೀಕರಣ ಶುಲ್ಕ ಎಷ್ಟೆಂದು ಹುಡುಕಿ. ‘ಆಟೋ ರಿನ್ಯೂವಲ್’ ಅನ್ನು ಕೊಂಡ ದಿನವೇ ನಿಲ್ಲಿಸಿ. ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವುದಿದ್ದರೆ 24 ಗಂಟೆ ಮೊದಲು ತಿಳಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವಿದೆ. ಅಂಥ ಮೆಸೇಜ್ ಬಂದರೆ ಓದದೆ ಅಳಿಸಬೇಡಿ.

ಹೊಸದನ್ನು ಹಾಕುವ ಮೊದಲು ಹಳೆಯ ಆ್ಯಂಟಿವೈರಸ್ ತೆಗೆದು ಕಂಪ್ಯೂಟರನ್ನು ಒಮ್ಮೆ ರೀಸ್ಟಾರ್ಟ್ ಮಾಡಿ. ಲ್ಯಾಪ್‌ಟಾಪ್ ಜೊತೆ ಬಂದ ಟ್ರಯಲ್‌ಗೂ ಇದೇ ಮಾತು: ಅವಧಿ ಮುಗಿದ ಟ್ರಯಲ್ ತಾನೂ ಕಾಯುವುದಿಲ್ಲ, ಕೆಲವೊಮ್ಮೆ ಡಿಫೆಂಡರ್‌ಗೂ ಜಾಗ ಬಿಡುವುದಿಲ್ಲ. ಎರಡನ್ನು ಒಟ್ಟಿಗೆ ಓಡಿಸಿದರೆ ಪ್ರತಿ ಕಡತವನ್ನೂ ಎರಡೂ ತಡೆದು ನೋಡುತ್ತವೆ, ಒಂದರ ಕೆಲಸವನ್ನು ಇನ್ನೊಂದು ಅನುಮಾನಿಸುತ್ತದೆ. 4 ಜಿಬಿ ರ್‍ಯಾಮ್, ಹಳೆಯ ಹಾರ್ಡ್‌ಡಿಸ್ಕ್ ಇರುವ ಕಂಪ್ಯೂಟರ್ ನಿಂತೇಬಿಡುತ್ತದೆ.

ಹಾಕಿದ ಮೇಲೆ ಪರೀಕ್ಷೆ ಮಾಡಿ. ಐಕಾರ್ ಎಂಬ ಸಂಸ್ಥೆಯ ಜಾಲತಾಣದಲ್ಲಿ 68 ಅಕ್ಷರಗಳ ಒಂದು ಪುಟ್ಟ ಕಡತ ಇದೆ. ಅದರಿಂದ ಯಾವ ಹಾನಿಯೂ ಇಲ್ಲ. ಅದನ್ನು ಕಂಡರೆ ಕೂಗಬೇಕು ಎಂದು ಆ್ಯಂಟಿವೈರಸ್ ಕಂಪನಿಗಳೆಲ್ಲ ಒಪ್ಪಿಕೊಂಡಿವೆ. ಡೌನ್‌ಲೋಡ್ ಆಗಿ ಸುಮ್ಮನೆ ಫೋಲ್ಡರಿನಲ್ಲಿ ಕೂತರೆ ನಿಮ್ಮ ಕಾವಲು ಕೆಲಸ ಮಾಡುತ್ತಿಲ್ಲ.

ಜೆರಾಕ್ಸ್ ಅಂಗಡಿಯಿಂದ ಬಂದ ಪೆನ್‌ಡ್ರೈವ್

ಕಾಲೇಜುಗಳು ತುಂಬಿರುವ ನಮ್ಮೂರಲ್ಲಿ ವೈರಸ್ ಮನೆಗೆ ಬರುವ ದೊಡ್ಡ ದಾರಿ ಇದು. ಪ್ರಾಜೆಕ್ಟ್ ರಿಪೋರ್ಟ್ ಪ್ರಿಂಟ್ ತೆಗೆಸಿ ತಂದ ಪೆನ್‌ಡ್ರೈವ್ ಚುಚ್ಚಿದರೆ ನಿಮ್ಮ ಫೋಲ್ಡರುಗಳೇ ಕಾಣುತ್ತವೆ. ಸ್ವಲ್ಪ ಹತ್ತಿರದಿಂದ ನೋಡಿ: ಚಿತ್ರದ ಎಡಮೂಲೆಯಲ್ಲಿ ಚಿಕ್ಕ ಬಾಣದ ಗುರುತಿದೆಯೇ? ಇದ್ದರೆ ಅದು ಫೋಲ್ಡರ್ ಅಲ್ಲ, ಶಾರ್ಟ್‌ಕಟ್. ನಿಜವಾದ ಫೋಲ್ಡರನ್ನು ವೈರಸ್ ಅಡಗಿಸಿ ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟಿದೆ. ಒತ್ತಿದರೆ ಮೊದಲು ವೈರಸ್ ಓಡುತ್ತದೆ, ಹಿಂದೆಯೇ ಅಸಲಿ ಫೋಲ್ಡರೂ ತೆರೆಯುತ್ತದೆ. ಹಾಗಾಗಿ ಏನಾಯಿತೆಂದೇ ಗೊತ್ತಾಗುವುದಿಲ್ಲ.

ಅಂಥದ್ದು ಕಂಡರೆ ಒತ್ತಬೇಡಿ. ಡ್ರೈವ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ಮಾಡಿಸಿ. ಮುಗಿದ ಮೇಲೆ ಫೈಲ್ ಎಕ್ಸ್‌ಪ್ಲೋರರ್‌ನ ‘ವ್ಯೂ’ನಲ್ಲಿ ಅಡಗಿರುವ ಕಡತಗಳು ಕಾಣುವಂತೆ ಮಾಡಿದರೆ ನಿಮ್ಮ ಫೋಲ್ಡರ್ ಮಸುಕಾಗಿ ಅಲ್ಲೇ ಇರುತ್ತದೆ, ಆಗಲೂ ಕಾಣದಿದ್ದರೆ ‘ಫೋಲ್ಡರ್ ಆಪ್ಷನ್ಸ್’ನಲ್ಲಿ ಸಿಸ್ಟಮ್ ಫೈಲ್‌ಗಳನ್ನು ಅಡಗಿಸುವ ಟಿಕ್ ತೆಗೆಯಿರಿ. ಬೇಕಾದ್ದನ್ನು ನಕಲು ಮಾಡಿಕೊಂಡು ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ. ಮಕ್ಕಳಿಗೆ ಪ್ರಿಂಟ್‌ಗೆಂದೇ ಬೇರೆ ಪೆನ್‌ಡ್ರೈವ್ ಕೊಡಿ, ಅದರಲ್ಲಿ ಪಿಡಿಎಫ್ ಬಿಟ್ಟು ಬೇರೇನೂ ಬೇಡ. ಈಗಾಗಲೇ ಅನುಮಾನ ಇರುವ ಕಂಪ್ಯೂಟರಿಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ನಡೆಸುವ ‘ಸೈಬರ್ ಸ್ವಚ್ಛತಾ ಕೇಂದ್ರ’ದ ಜಾಲತಾಣದಲ್ಲಿ ಉಚಿತ ಶುದ್ಧೀಕರಣ ಸಾಧನಗಳು ಸಿಗುತ್ತವೆ.

ಲೆಕ್ಕದ ಕಡತ, ಮದುವೆ ಫೋಟೊ

ಮಂಡಿಪೇಟೆಯ ಅಂಗಡಿ ಲೆಕ್ಕವನ್ನು ರಾತ್ರಿ ಮನೆಯಲ್ಲಿ ಟ್ಯಾಲಿಗೆ ಹಾಕುವವರು ಬಹಳ ಮಂದಿ. ಕಡತಗಳಿಗೆ ಬೀಗ ಹಾಕುವ ರ್‍ಯಾನ್ಸಮ್‌ವೇರ್ ಬಂದರೆ ಅವರಿಗೆ ಆಗುವ ನಷ್ಟವೇ ದೊಡ್ಡದು. ಡಿಫೆಂಡರ್ ಬಳಸುವವರು ‘ರ್‍ಯಾನ್ಸಮ್‌ವೇರ್ ಪ್ರೊಟೆಕ್ಷನ್’ ಒಳಗೆ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಆನ್ ಮಾಡಿ; ಅದು ತಾನಾಗಿ ಆನ್ ಇರುವುದಿಲ್ಲ. ಅಪರಿಚಿತ ತಂತ್ರಾಂಶಗಳು ಬದಲಿಸದಂತೆ ಅದು ಕಾಯುವ ಫೋಲ್ಡರುಗಳ ಪಟ್ಟಿಗೆ ಟ್ಯಾಲಿಯ ಡೇಟಾ ಫೋಲ್ಡರನ್ನೂ ಸೇರಿಸಿ. ಟ್ಯಾಲಿಯನ್ನೋ ಕನ್ನಡ ಟೈಪಿಂಗ್‌ನ ‘ನುಡಿ’ಯನ್ನೋ ಅದು ತಡೆದರೆ, ಆ ತಂತ್ರಾಂಶಕ್ಕೆ ಅನುಮತಿ ಕೊಡುವ ಆಯ್ಕೆ ಅಲ್ಲೇ ಇದೆ. ಬೇರೆ ಆ್ಯಂಟಿವೈರಸ್ ಹಾಕಿದರೆ ಈ ಸೌಲಭ್ಯ ಕೆಲಸ ಮಾಡುವುದಿಲ್ಲ, ಹಾಗಾಗಿ ಕೊಳ್ಳುವ ಸಾಫ್ಟ್‌ವೇರಿನಲ್ಲಿ ಇಂಥದ್ದು ಇದೆಯೇ ಎಂದು ಮೊದಲೇ ಕೇಳಿ.

ಇದೆಲ್ಲ ಇದ್ದರೂ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಇರಲೇಬೇಕು. ವಾರಕ್ಕೊಮ್ಮೆ ಚುಚ್ಚಿ, ನಕಲು ತೆಗೆದು, ಬಿಚ್ಚಿ ಬೀರುವಿನಲ್ಲಿಡಿ. ಚುಚ್ಚಿಯೇ ಇಟ್ಟರೆ ಅದಕ್ಕೂ ಬೀಗ ಬೀಳುತ್ತದೆ.

ಪರದೆ ತುಂಬ ಎಚ್ಚರಿಕೆ ಬಂದರೆ

ಬ್ರೌಸರ್‌ನಲ್ಲಿ ಏನೋ ಓದುತ್ತಿರುವಾಗ ಪರದೆ ತುಂಬ ಕೆಂಪು ಎಚ್ಚರಿಕೆ ಬಂದು, ಸೈರನ್ ಕೂಗಿ, ‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ’ ಎನ್ನುತ್ತದೆ. ಅದು ಮೋಸ. ಮೈಕ್ರೋಸಾಫ್ಟ್‌ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಎಸ್ಕೇಪ್ ಕೀ ಒತ್ತಿ ಹಿಡಿಯಿರಿ. ಆಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರ್ ಮುಚ್ಚಿ. ನಿಮ್ಮ ಆ್ಯಂಟಿವೈರಸ್‌ನ ಸಹಾಯವಾಣಿ ಬೇಕಾದರೂ ಗೂಗಲ್‌ನಲ್ಲಿ ಹುಡುಕಬೇಡಿ, ಸಾಫ್ಟ್‌ವೇರಿನ ಒಳಗೇ ಇರುವ ಸಂಖ್ಯೆ ಬಳಸಿ. ದೂರದಿಂದಲೇ ನಿಮ್ಮ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್, ಟೀಮ್‌ವ್ಯೂವರ್ ಥರದ್ದನ್ನು ಅಪರಿಚಿತರು ಹೇಳಿದರೆಂದು ಹಾಕಿಕೊಂಡರೆ ಯಾವ ಆ್ಯಂಟಿವೈರಸ್ಸೂ ತಡೆಯುವುದಿಲ್ಲ, ಏಕೆಂದರೆ ಒಳಗೆ ಬಿಟ್ಟವರು ನೀವೇ.

ಹಣ ಹೋಗಿದ್ದರೆ ಮೊದಲು ಇಂಟರ್ನೆಟ್ ಸಂಪರ್ಕ ಕಿತ್ತುಹಾಕಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಕರೆ ಮಾಡಿದಷ್ಟೂ ಹಣ ಮುಂದಿನ ಖಾತೆಗೆ ದಾಟುವ ಮೊದಲೇ ತಡೆಹಿಡಿಯುವ ಅವಕಾಶ ಹೆಚ್ಚು. ಬ್ಯಾಂಕಿಗೂ ತಿಳಿಸಿ, ದೂರಿನ ಸಂಖ್ಯೆ ಬರೆದುಕೊಂಡು ಸೈಬರ್ ಅಪರಾಧಗಳನ್ನು ನೋಡುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಆ ಕಂಪ್ಯೂಟರಿನಲ್ಲಿ ಬಳಸಿದ್ದ ಪಾಸ್‌ವರ್ಡ್‌ಗಳನ್ನೆಲ್ಲ ಬೇರೆ ಸಾಧನದಿಂದ, ಅವತ್ತೇ ಬದಲಿಸಿ. ಮೇಲ್‌ನ ಪಾಸ್‌ವರ್ಡ್ ಮೊದಲು, ಉಳಿದವು ಆಮೇಲೆ.